ಹಳೆಯ ನಾಬಿನ ಕೊಳೆ

ಯಜಮಾನರು ತಮ್ಮ ರೇಡಿಯೊ ತಿರುಗಿಸುವ ಆ ನಾಬನ್ನು ನನ್ನ ಕೈಗಿಟ್ಟಾಗ ಅದರ ಮೇಲೆ ನಲವತ್ತು ವರ್ಷದ ಕೊಳೆಯಿತ್ತು. ನಲವತ್ತು ಎನ್ನುವುದು ಈಗಿನ ಅಂದಾಜು. ನನ್ನ ದಿನಚರಿಯಲ್ಲಿ ‘ಬಹಳ ಹಳೆಯದು’ ಎಂದಷ್ಟೇ ಇದೆ. ಬೆವರು, ಹೊಗೆಸೊಪ್ಪಿನ ಪುಡಿ, ಎಲೆಗೆ ಹಚ್ಚುವ ಸುಣ್ಣ ಎಲ್ಲ ಸೇರಿ ಅದರ ಗೀರುಗಳಲ್ಲಿ ಕಪ್ಪಗೆ ಮೆತ್ತಿಕೊಂಡಿತ್ತು. ಮುಟ್ಟಿದರೆ ಬೆರಳಿಗೆ ಹಿಡಿಯುತ್ತಿತ್ತು. ಮೂಸಿ ನೋಡಿದೆ, ಯಾಕೆ ಮೂಸಿದೆನೋ. ಊಟದ ಡಬ್ಬಿಗೆ ತಾಗದಂತೆ ಪೇಪರಿನಲ್ಲಿ ಸುತ್ತಿ, ಚೀಲದ ಹೊರಜೇಬಿಗೆ ಹಾಕಿಕೊಂಡು ಅವರ ಊರಾದ ವೈದ್ಯನಾಥಪುರದಿಂದ ಬಸ್ಸು ಹತ್ತಿದೆ.

ಯಜಮಾನರು ಕರೆಂಟಿನ ಲೈನ್‌ಮ್ಯಾನ್ ಆಗಿ ನಿವೃತ್ತರಾದವರು. ಮನೆಯ ಸೆಟ್ಟಿನಿಂದಲೇ ದೂರದವರೊಡನೆ ಮಾತಾಡುವ ಹವ್ಯಾಸಿ ರೇಡಿಯೊದಲ್ಲಿ ನನಗಿಂತ ಹಿರಿಯರು. ದಿನಾ ಬೆಳಿಗ್ಗೆ ಏಳಕ್ಕೆ ಈ ಸುತ್ತಿನ ಹವ್ಯಾಸಿಗಳೆಲ್ಲ ಒಂದೇ ಫ್ರೀಕ್ವೆನ್ಸಿಯಲ್ಲಿ ಸೇರುತ್ತೇವೆ. ಮಂಡ್ಯದವರೊಬ್ಬರು ಹಾಜರಿ ಕೂಗುತ್ತಾರೆ. ಸಕ್ಕರೆ ಕಾಯಿಲೆಗೆ ಕಣ್ಣು ಪೂರ್ತಿ ಹೋದ ಮೇಲೂ ಯಜಮಾನರ ದನಿ ಅಲ್ಲಿ ತಪ್ಪಿರಲಿಲ್ಲ. ಮನೆ ಬಿಟ್ಟು ಎಲ್ಲೂ ಹೋಗದ ಅವರಿಗೆ ಹತ್ತು ಜನರ ಮಾತು ಸಿಗುತ್ತಿದ್ದದ್ದು ಆ ಅರ್ಧ ಗಂಟೆಯಲ್ಲಿ ಮಾತ್ರ. ಹೋದ ಮಳೆಗಾಲದಲ್ಲಿ ಸಿಡಿಲು ಬಡಿದು ಅವರ ಸೆಟ್ಟು ಸುಟ್ಟುಹೋಯಿತು.

ಆಗ ನಾನು ನನ್ನ ಹೊಸ ರೇಡಿಯೊವನ್ನೇ ಕಂಪ್ಯೂಟರಿನ ಸಮೇತ ಅವರಿಗೆ ಕೊಟ್ಟೆ. ಧಾರಾಳ ಎಂದು ಎಲ್ಲರೂ ಹೊಗಳಿದರು. ನಿಜವೇನೆಂದರೆ, ಅದನ್ನು ಕಂಡರೆ ನನಗೆ ಹೇಸಿಗೆಯಾಗುತ್ತಿತ್ತು. ಮುಖವೇ ಇಲ್ಲದ ಕರಿ ಡಬ್ಬಿ. ತಿರುಗಿಸಲು ಏನೂ ಇಲ್ಲ, ಎಲ್ಲವೂ ಕಂಪ್ಯೂಟರಿನ ತೆರೆಯ ಮೇಲೆ. ಒಂದು ದನಿಯನ್ನು ಹುಡುಕಬೇಕಾದರೆ ಮೌಸ್ ಹಿಡಿದು ಗೆರೆಗಳ ಮೇಲೆ ಚುಚ್ಚುತ್ತಾ ಕೂರಬೇಕು. ಬೇಡವಾದದ್ದನ್ನು ಮನೆಯಿಂದ ದಾಟಿಸಿದೆ, ಅದೂ ಮೌಸಿನ ಬಾಣವನ್ನು ಕಾಣಲಾಗದ ಮನುಷ್ಯನಿಗೆ. ಭೌತಶಾಸ್ತ್ರ ಪಾಠ ಮಾಡುವವನಿಗೆ ಇದು ಹೊಳೆಯಲಿಲ್ಲವೇ? ಹೊಳೆದಿತ್ತು ಅನ್ನಿಸುತ್ತದೆ.

ಮೂರು ವಾರ ಹಾಜರಿಯಲ್ಲಿ ಅವರ ದನಿ ಇರಲಿಲ್ಲ. ಕಂಪ್ಯೂಟರಿಗೆ ಜೋಡಿಸುವ ಸಣ್ಣ ನಾಬೊಂದನ್ನು ತರಿಸಿಕೊಟ್ಟೆ. ಹಗುರ ಪ್ಲಾಸ್ಟಿಕ್ಕು, ತಿರುಗಿಸಿದರೆ ಜೀರುಂಡೆಯಂತೆ ಕಟಕಟ ಎನ್ನುತ್ತಿತ್ತು. ಅವರು ಅದನ್ನು ಎರಡು ಸಲ ತಿರುಗಿಸಿ ಪಕ್ಕಕ್ಕಿಟ್ಟರು. ಆಮೇಲೆ ಸುಟ್ಟ ಸೆಟ್ಟಿನಿಂದ ತಮ್ಮ ನಾಬನ್ನು ಕಿತ್ತು, ಇದನ್ನೇ ಕೂರಿಸಲು ಆಗುತ್ತದೆಯೇ ಎಂದು ಕೇಳಿದರು.

ಮದ್ದೂರಿನಲ್ಲಿ ಮೋಟಾರು ಕಟ್ಟುವ ಸಾಹೇಬರೊಬ್ಬರು ಆ ಕೆಲಸ ಒಪ್ಪಿಕೊಂಡರು. ಹಳೆಯ ಮಿಕ್ಸಿಯ ಬೇರಿಂಗ್ ಹಾಕಿ, ಅಡಿಗೆ ಕಬ್ಬಿಣದ ಬಿಲ್ಲೆ ಕೂರಿಸಿ, ಎಷ್ಟು ತಿರುಗಿತೆಂದು ಕಂಪ್ಯೂಟರಿಗೆ ತಿಳಿಸುವ ಪುಟ್ಟ ಯಂತ್ರಕ್ಕೆ ಜೋಡಿಸಿದರು. ಒಮ್ಮೆ ಬೀಸಿ ಬಿಟ್ಟರೆ ನಾಬು ಸದ್ದಿಲ್ಲದೆ ಓಡುತ್ತಿತ್ತು.

“ಕಂಪ್ಯೂಟರ್ಗೂ ಕಿವಿ ಹಿಂಡ್ಬೇಕಾ ಸಾರ್?” ಎಂದು ನಕ್ಕರು. ಕೊಡುವಾಗ ಮಾತ್ರ ನಗಲಿಲ್ಲ. “ಒಳಗಿನ ಕೆಲ್ಸ ಮಾಡಿದೀನಿ. ಮೇಲ್ಗಡೆ ಮುಟ್ಟಿಲ್ಲ. ಕೈಯಾಡಿರೋ ಸಾಮಾನು.”

ನಾನು ಮುಟ್ಟಿದೆ. ಮಳವಳ್ಳಿಯ ನನ್ನ ಮನೆಗೆ ಬಂದವನೇ ಸೀಮೆಎಣ್ಣೆ, ಸೋಪು, ಹಳೆಯ ಹಲ್ಲುಜ್ಜುವ ಬ್ರಷ್ಷು ಹಿಡಿದು ಕೂತೆ. ಕೊಳೆ ಸುರುಳಿ ಸುರುಳಿಯಾಗಿ ಎದ್ದು ಬಂತು. ಅಂಚಿನಲ್ಲೊಂದು ಗಂಟು ಮಾತ್ರ ಬಿಡಲಿಲ್ಲ. ಪಿನ್ನಿನಿಂದ ಕೆದಕಿ ಕಿತ್ತು ಬಚ್ಚಲಿಗೆ ಎಸೆದೆ. ಎಸೆಯುವಾಗ ಒಳಗೆ ಕಾಳಿನಂಥದ್ದೇನೋ ಕಂಡಿತ್ತು.

ಯಜಮಾನರ ಮುಂದಿಟ್ಟಾಗ ಅವರು ನಾಬನ್ನು ಬೀಸಿ ಬಿಟ್ಟು, ಅದು ಓಡುವುದನ್ನು ಅಂಗೈಯಿಂದ ಕೇಳಿಸಿಕೊಂಡರು. ಮುಖ ಅರಳಿತು. ಆಮೇಲೆ ಹೆಬ್ಬೆರಳು ಅಂಚನ್ನು ಒಂದು ಸುತ್ತು ಸವರಿತು, ಮತ್ತೊಂದು ಸುತ್ತು ಸವರಿತು.

“ಇಲ್ಲೊಂದು ಗಂಟಿತ್ತಲ್ಲ ಮೇಷ್ಟ್ರೇ, ಎಲ್ಲೋಯ್ತು?”

ಹಲಸಿನ ಮೇಣದಲ್ಲಿ ಹುರುಳಿಕಾಳು ಕೂರಿಸಿ ಅವರೇ ಅಂಟಿಸಿದ್ದರಂತೆ. ಕಾಳು ಹೆಬ್ಬೆರಳಿಗೆ ತಾಗಿದರೆ ಒಂದು ಸುತ್ತು. ಸುತ್ತು ಎಣಿಸಿಯೇ ಅವರು ಕತ್ತಲಲ್ಲಿ ನಮ್ಮನ್ನೆಲ್ಲ ತಲುಪುತ್ತಿದ್ದದ್ದು.

“ಹಳೇದಲ್ವಾ, ತಾನಾಗೇ ಉದುರಿರಬೇಕು” ಎಂದೆ.

ಅವರು ನಾಬನ್ನು ಮೇಜಿನ ಮೇಲಿಟ್ಟರು. “ಇರ್ಬೌದು ಬುಡಿ” ಎಂದು, ಒಳಗಿದ್ದ ಸೊಸೆಗೆ ಒಂದು ಹುರುಳಿಕಾಳು ತರಲು ಹೇಳಿದರು.

“ಎತ್ತು ಮಾರಿದ್ಮೇಲೆ ಈಗ ಕಂಪ್ಯೂಟರ್ಗೆ ಹುರುಳಿ ತಿನ್ನುಸ್ತೀರಾ ಮಾವ?” ಎನ್ನುತ್ತಲೇ ಆಕೆ ಒಂದು ಹಿಡಿ ತಂದರು. ನಾನು ಒಂದನ್ನು ಆರಿಸಿ ಅಂಗಡಿಯ ಅಂಟಿನಿಂದ ಅಂಟಿಸಿದೆ. ಅಂಟು ಹೆಚ್ಚಾಗಿ ಸೋರಿ, ಬಿಳಿಚಿಕೊಂಡು ಒಣಗಿತು. ನಾನು ತೊಳೆದ ಕೊಳೆಗಿಂತ ಅಸಹ್ಯವಾಗಿತ್ತು. ಸೊಸೆ ಕಂಪ್ಯೂಟರ್ ಹಾಕಿದರು. ಅದು ದಿನವೂ ಒಂದೇ ಫ್ರೀಕ್ವೆನ್ಸಿಯಲ್ಲಿ ತೆರೆದುಕೊಳ್ಳುತ್ತದೆ. ಅಲ್ಲಿಂದ ನಮ್ಮ ಕೂಟಕ್ಕೆ ಎಷ್ಟು ದೂರ ಎಂದು ಯಜಮಾನರು ಎಣಿಸಿಕೊಂಡರು. ಮೂರೂವರೆ ಸುತ್ತು.

ತೊಳೆದುಕೊಂಡು ಬನ್ನಿ ಎಂದು ಯಜಮಾನರೇ ಹೇಳಿದ್ದರು ಎಂದು ಇತ್ತೀಚೆಗೆ ನನಗೆ ನೆನಪಾಗತೊಡಗಿದೆ, ಅವರ ದನಿಯ ಸಮೇತ. ಅನುಮಾನ ಬಂದು ಆ ದಿನದ ಪುಟ ತೆಗೆದೆ. ‘ನಾಬು ಕೊಟ್ಟರು. ಬಹಳ ಹಳೆಯದು. ಹುಷಾರು ಎಂದರು.’ ಅಷ್ಟೇ ಇದೆ. ನನ್ನ ನೆನಪು ನನ್ನ ಪರವಾಗಿ ಸಾಕ್ಷಿ ಹುಟ್ಟಿಸಿಕೊಳ್ಳುತ್ತದೆ ಎಂದು ತಿಳಿದಾಗ ಆದ ವಾಕರಿಕೆ ಆ ಕೊಳೆಯನ್ನು ಮೂಸಿದಾಗಲೂ ಆಗಿರಲಿಲ್ಲ.

ಕಾಳು ಅಂಟಿಸಿದ ಮಾರನೆಯ ಬೆಳಿಗ್ಗೆ ಏಳಕ್ಕೆ ಮಂಡ್ಯದವರು ಹಾಜರಿ ಕೂಗುತ್ತಿದ್ದಾಗ ನಡುವೆ ಯಜಮಾನರ ದನಿ ಬಂತು. ಎಲ್ಲರೂ ಒಟ್ಟಿಗೆ ಮಾತಾಡಿ ಗದ್ದಲವಾಯಿತು. ಅವರು ನಗುತ್ತಾ, ಮಳವಳ್ಳಿ ಮೇಷ್ಟ್ರು ನಾಬು ಮಾಡಿಸಿಕೊಟ್ಟ ಕಥೆಯನ್ನು ಎಲ್ಲರಿಗೂ ಹೇಳಿದರು.

“ನನ್ನ ಗುರ್ತಿನ ಕಾಳೊಂದು ಉದ್ರೋಗಿತ್ತು. ಹಳೇದಲ್ವಾ, ತಾನಾಗೇ ಉದ್ರೋಯ್ತು. ಅದ್ನೂ ಅವ್ರೇ ಅಂಟಿಸ್ಕೊಟ್ರು.”

ಆಮೇಲೆ ನನ್ನನ್ನು ಕರೆದು, ತಮ್ಮ ದನಿ ಹೇಗಿದೆ ಎಂದು ಕೇಳಿದರು. ನನ್ನ ಹಳೆಯ ಸೆಟ್ಟಿನ ಮೈಕು ಕೈಯಲ್ಲೇ ಇತ್ತು. ಗುಂಡಿ ಒತ್ತಿದೆ. ಹೇಳಬೇಕಾದದ್ದು ಬಾಯಿಯವರೆಗೂ ಬಂದಿತ್ತು ಎಂದು ಬರೆಯಬಹುದು. ಬಂದಿತ್ತೋ ಇಲ್ಲವೋ ನನಗೇ ಖಾತ್ರಿಯಿಲ್ಲ. ಆಡಿದ ಮಾತು ಮಾತ್ರ ದಿನಚರಿಯಲ್ಲಿದೆ.

“ಚೆನ್ನಾಗಿ ಕೇಳಿಸ್ತಿದೆ, ಯಜಮಾನ್ರೇ. ಒಂದಕ್ಷರಾನೂ ತಪ್ಪದ ಹಾಗೆ.”