ತುದಿ ಮೊಂಡಾದ ಚಿಮಟ

ನನ್ನ ಅತ್ತೆ ಯಾರನ್ನೂ ನಂಬುವವರ ಪೈಕಿಯಲ್ಲ. ಹಾಲಿನವನು ಹಾಲು ಹಾಕಿ ಹೋದ ಮೇಲೆ ಪಾತ್ರೆಯನ್ನು ಓರೆ ಮಾಡಿ ನೋಡುತ್ತಾರೆ. ಬಾಗಿಲಿಗೆ ಬೀಗ ಹಾಕಿ ಜಗ್ಗುತ್ತಾರೆ, ಬೀದಿ ತಿರುವಿನವರೆಗೆ ಹೋಗಿ ವಾಪಸ್ ಬಂದು ಮತ್ತೆ ಜಗ್ಗುತ್ತಾರೆ. ದಾರಿಯಲ್ಲಿ ಯಾರಾದರೂ ಸುಮ್ಮನೆ ನಕ್ಕರೆ, ಅವಳು ಯಾಕೆ ನಕ್ಕಳು ಎಂದು ಮನೆ ಸೇರುವವರೆಗೂ ನನ್ನ ತಲೆ ತಿನ್ನುತ್ತಾರೆ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಚಹಾ ಮಾಡಿಕೊಟ್ಟರೆ ಮೊದಲು ನನ್ನ ಲೋಟ ನೋಡಿ ಆಮೇಲೆ ತಮ್ಮ ಲೋಟ ನೋಡುತ್ತಿದ್ದರು. ನನಗೂ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಒಂದು ದಿನ ಅವರೆದುರಿಗೇ ಲೋಟ ಅದಲು ಬದಲು ಮಾಡಿ ಗಟಗಟ ಕುಡಿದೆ. ಅವತ್ತಿನಿಂದ ಅವರಿಗೆ ನನ್ನ ಮೇಲೆ ಸ್ವಲ್ಪ ಗೌರವ ಬಂತು. ನಂಬಿಕೆಯೇನೂ ಬರಲಿಲ್ಲ.

ಬೀದಿಯವರು ಅವರನ್ನು ಕರೆಯುವುದೇ ಭೂತಗನ್ನಡಿ ಅಂತ. ಅತ್ತೆಯದು ವಾಚ್ ರಿಪೇರಿ ಕೆಲಸ. ಚಪ್ಪಲಿ ಹೊಲಿಯುವವನ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಬೀರುವಿನಷ್ಟು ಅಗಲದ ಜಾಗ, ಒಂದು ಗಾಜಿನ ಮೇಜು, ಬಗ್ಗಿಸಬಹುದಾದ ದೀಪ, ಸಾಲಾಗಿ ಜೋಡಿಸಿಟ್ಟ ಚಿಮಟಗಳು. ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತರೆಂದರೆ ಗಿರಾಕಿ ಬಂದು ಕೆಮ್ಮಿದರೂ ತಲೆ ಎತ್ತುವುದಿಲ್ಲ. ಈ ಕೆಲಸ ಕಲಿಸಿದ್ದು ನನ್ನ ಮಾವ. ಅವರನ್ನು ನಾನು ಫೋಟೋದಲ್ಲಿ ಮಾತ್ರ ನೋಡಿದ್ದೇನೆ. ಮಿತಭಾಷಿ, ಒಂದು ಹಳೆಯ ಸ್ಪ್ರಿಂಗನ್ನೂ ಎಸೆಯದ ಮನುಷ್ಯ ಎಂದು ಹೇಳುತ್ತಾರೆ. ಅತ್ತೆ ಯಾವ ವಾಚನ್ನಾದರೂ ಗಿರಾಕಿಯ ಎದುರೇ ಬಿಚ್ಚಿ, ಒಳಗೆ ಏನೇನಿದೆ ಎಂದು ತೋರಿಸಿಯೇ ಇಟ್ಟುಕೊಳ್ಳುವುದು. ಯಾಕೆ ಎಂದು ಕೇಳಿದರೆ, "ಅನುಮಾನ ಪಡೋದು ನನ್ನ ಕೆಲಸ, ಅವರಿಗೆ ಆ ಕಷ್ಟ ಬೇಡ," ಎನ್ನುತ್ತಾರೆ.

ಇಂಥ ಅತ್ತೆ ದಿನಾ ಬೆಳಿಗ್ಗೆ ಸ್ನಾನಕ್ಕೆ ಮುಂಚೆ ತಮ್ಮ ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದರು. ಕಿಟಕಿ ಪಕ್ಕಕ್ಕೆ ಕುರ್ಚಿ ಎಳೆಯುವ ಸದ್ದು, ಆಮೇಲೆ ಗಪ್‌ಚುಪ್. ಸಂಶಯದವರ ಮನೆಯಲ್ಲಿದ್ದರೆ ಆ ಜಡ್ಡು ನಮಗೂ ಅಂಟುತ್ತದೆ. ಒಡವೆ ತೆಗೆದು ನೋಡಿಕೊಳ್ಳುತ್ತಾರಾ? ನನ್ನ ಮೇಲೆ ಯಾರಿಗಾದರೂ ಫೋನಿನಲ್ಲಿ ದೂರು ಹೇಳುತ್ತಾರಾ? ಬಾಗಿಲಿಗೆ ಕಿವಿ ಕೊಟ್ಟೂ ನೋಡಿದೆ. ನನ್ನ ಗಂಡನನ್ನು ಕೇಳಿದರೆ, "ಅಮ್ಮ ಮೊದಲಿಂದಲೂ ಹಾಗೇನೇ. ಅಪ್ಪ ಇದ್ದಾಗಲೂ ಚಿಲಕ ಹಾಕ್ಕೋತಿದ್ರು. ನಿನಗ್ಯಾಕೆ ಈ ಉಸಾಬರಿ?" ಎಂದು ಪೇಪರಿನೊಳಗೆ ಮುಖ ಹುದುಗಿಸಿದರು.

ಹೀಗಿರುವಾಗ ಒಂದು ಸಂಜೆ ಅತ್ತೆ ತರಕಾರಿ ಹೆಚ್ಚುತ್ತಾ, ತಲೆ ಎತ್ತದೆ ಕೇಳಿದರು. ನಾನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು.

"ನಿಮ್ಮ ಅಂಗಡಿಲಿ ಕೂದಲು ತೆಗೆಯೋಕೆ ಏನೇನಿದೆ?"

"ಯಾವ ಕೂದಲು ಅತ್ತೆ?"

"ಮುಖದ್ದು."

ನನ್ನ ಕಿವಿ ನೆಟ್ಟಗಾಯಿತು. "ಯಾರಿಗೆ?"

"ಒಬ್ಬಳು ಗಿರಾಕಿ ಕೇಳಿದಳು."

ವಾಚಿಗೆ ಸೆಲ್ ಹಾಕಿಸಲು ಬಂದವಳು ಮುಖದ ಕೂದಲಿನ ವಿಚಾರ ಯಾಕೆ ಎತ್ತುತ್ತಾಳೆ? ಇದು ನನಗೇ ಆಡಿದ ಚುಚ್ಚುಮಾತು ಎಂದು ಆಗಲೇ ತೀರ್ಮಾನಿಸಿದೆ. ಬಚ್ಚಲಿಗೆ ಹೋಗಿ ಕನ್ನಡಿಯಲ್ಲಿ ಮೇಲ್ದುಟಿ ನೋಡಿಕೊಂಡೆ. ಇತ್ತು, ಸ್ವಲ್ಪ ಇತ್ತು. ಮೈ ಉರಿದುಹೋಯಿತು. ಆದರೂ ಬಂದು ಕೂತು, ಅಂಗಡಿಯಲ್ಲಿ ಗಿರಾಕಿಗಳಿಗೆ ಹೇಳುವ ಹಾಗೆಯೇ ಹೇಳಿದೆ.

"ರೇಜರ್ ಆದ್ರೆ ಬೇಗ ಮತ್ತೆ ಬಂದ್ಬಿಡುತ್ತೆ. ಕ್ರೀಮ್ ಆದ್ರೆ ಇನ್ನೊಂದೆರಡು ದಿನ ಜಾಸ್ತಿ. ವ್ಯಾಕ್ಸ್, ದಾರ, ಚಿಮಟ, ಇವೆಲ್ಲ ಬೇರು ಸಮೇತ ಕೀಳುತ್ವೆ, ಕೆಲವು ವಾರ ನೆಮ್ಮದಿ. ಲೇಸರ್ ಮಾಡಿಸಿದ್ರೆ ತುಂಬ ಕಾಲ ಬರಲ್ಲ."

"ತುಂಬ ಕಾಲ ಅಂದ್ರೆ?"

"ವರ್ಷಗಟ್ಟಲೆ ಇರಬಹುದು. ಒಬ್ಬೊಬ್ಬರಿಗೆ ಒಂದೊಂದು ಥರ."

"ಗ್ಯಾರಂಟಿ ಕಾರ್ಡ್ ಕೊಡ್ತಾರಾ?"

"ಮುಖಕ್ಕೆ ಯಾರು ಕೊಡ್ತಾರೆ ಅತ್ತೆ ಗ್ಯಾರಂಟಿ?"

"ಹಾಗಾದ್ರೆ ಅದರಲ್ಲಿ ಏನೋ ಮೋಸ ಇದೆ," ಎಂದು ಅತ್ತೆ ತರಕಾರಿ ಎತ್ತಿಕೊಂಡು ಒಳಗೆ ಹೋದರು. ನಾನು ಅವತ್ತು ಊಟಕ್ಕೆ ಕೂತಾಗ ಅವರ ಜೊತೆ ಮಾತಾಡಲಿಲ್ಲ.

ಅದಾದ ಕೆಲವೇ ದಿನಕ್ಕೆ ಅತ್ತೆ ಕೋಣೆಯಿಂದ ಹೊರಗೆ ಬಂದಾಗ ಗಲ್ಲಕ್ಕೆ ಹತ್ತಿ ಅಂಟಿಸಿಕೊಂಡಿದ್ದರು. ಕೇಳಿದರೆ ಬಾಗಿಲು ತಾಗಿತು ಎಂದರು. ಬಾಗಿಲು ಗಲ್ಲದ ಕೆಳಗೆ ಹೋಗಿ ತಾಗುತ್ತದೆಯೇ? ಗಾಯ ಕೀವು ಕಟ್ಟಿತು. ಮುಲಾಮು ಹಚ್ಚುವ ನೆಪದಲ್ಲಿ ನಾನು ಅವರ ಮುಖವನ್ನು ಬೆಳಕಿಗೆ ತಿರುಗಿಸಿದೆ. ಚಿಮಟ ಚರ್ಮವನ್ನೇ ಹಿಡಿದು ಎಳೆದ ಗುರುತು. ಪಕ್ಕದಲ್ಲಿ ಅದಕ್ಕೆ ಸಿಗದೆ ಉಳಿದ ಎರಡು ಕೂದಲು. ಮುಲಾಮಿನ ಮುಚ್ಚಳ ಹಿಡಿದಿದ್ದ ಅವರ ಕೈ ನಡುಗುತ್ತಿತ್ತು. ಅಂಗಡಿಯಲ್ಲಿ ಸ್ಕ್ರೂಗಳು ಕೆಳಗೆ ಬೀಳುತ್ತಿವೆ, ಈಗ ಬರುವ ಸ್ಕ್ರೂಗಳೇ ಕಳಪೆ ಎಂದು ಅವರು ಗೊಣಗುತ್ತಿದ್ದುದು ಆಗ ನೆನಪಾಯಿತು.

"ಆ ಗಿರಾಕಿ ನೀವೇನಾ?" ಎಂದೆ.

ಅತ್ತೆ ಮುಲಾಮಿನ ಮುಚ್ಚಳ ತಿರುಗಿಸಿ ಮುಚ್ಚಿದರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು. ಮದುವೆಯಾಗಿ ಬಂದ ವಾರದಲ್ಲೇ, ಮನೆ ತುಂಬ ನೆಂಟರು ಕೂತಿರುವಾಗ, ಅವರ ಅತ್ತೆ ಅವರ ಗಲ್ಲ ಹಿಡಿದು, "ನಾವು ಸೊಸೆ ತಂದ್ವೋ, ಅಳಿಯನ್ನ ತಂದ್ವೋ?" ಎಂದಿದ್ದರಂತೆ. ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರಂತೆ.

"ಮಾವನೂ ನಕ್ಕರಾ?"

"ನಾನು ತಲೆ ಎತ್ತಿ ನೋಡಿದ್ರೆ ತಾನೆ. ನಕ್ಕಿರ್ತಾರೆ. ಎಲ್ಲರೂ ನಗ್ತಿರುವಾಗ ಇವರೊಬ್ಬರು ಯಾಕೆ ಬಿಡ್ತಾರೆ?" ಎಂದರು. "ಅವತ್ತಿಂದ ದಿನಾ ಕಿತ್ಕೊಂಡೇ ಬಂದಿದೀನಿ. ಇವರಿಗೂ ಒಂದು ದಿನ ಕಾಣೋಕೆ ಬಿಟ್ಟಿಲ್ಲ. ಈಗ ಕೈ ಕೈಕೊಟ್ಟಿದೆ."

ದಾರಿಯಲ್ಲಿ ಯಾರು ನಕ್ಕರೂ ಅವರು ಯಾಕೆ ಬೆಚ್ಚುತ್ತಿದ್ದರು ಎಂಬುದು ತಿಳಿಯಿತು. ನಾನು ಅವರನ್ನು ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆಂದು ಹಟ ಹಿಡಿದೆ. ಮಗನಿಗೆ ಹೇಳಬಾರದು ಎಂಬ ಮಾತಿನ ಮೇಲೆ ಒಪ್ಪಿದರು.

ಡಾಕ್ಟರಮ್ಮ ದೀಪ ಹತ್ತಿರ ಎಳೆದುಕೊಂಡು ನೋಡಿ, "ಇಲ್ಲಿ ಏನೂ ಇಲ್ವಲ್ಲ," ಎಂದರು.

"ಎಲ್ಲ ಕಿತ್ತು ಕ್ಲೀನ್ ಮಾಡ್ಕೊಂಡು ಬಂದಿದೀನಿ," ಎಂದರು ಅತ್ತೆ, ಹೆಮ್ಮೆಯಿಂದ. ನಡುಗುವ ಕೈಯಲ್ಲಿ ಅದೆಷ್ಟು ಹೊತ್ತು ಗುದ್ದಾಡಿದ್ದರೋ, ಗಲ್ಲವೆಲ್ಲ ಕೆಂಪಾಗಿತ್ತು.

ನಾನು ಹಣೆ ಚಚ್ಚಿಕೊಂಡೆ. ನಮ್ಮ ಮನೆಯ ರೀತಿಯೇ ಹಾಗೆ. ಕೆಲಸದವಳು ಬರುವ ಮೊದಲೇ ಅತ್ತೆ ಕಸ ಗುಡಿಸಿ ಇಡುತ್ತಾರೆ, ಇಲ್ಲದಿದ್ದರೆ ಅವಳು ಹೊರಗೆ ಹೋಗಿ ಆಡಿಕೊಳ್ಳುತ್ತಾಳಂತೆ. ಡಾಕ್ಟರಮ್ಮ ನಗದೆ ವಿವರಿಸಿದರು. ಲೇಸರ್ ಬೆಳಕು ಹುಡುಕಿಕೊಂಡು ಹೋಗುವುದು ಬೇರನ್ನು. ಬೇರೇ ಇಲ್ಲದಿದ್ದರೆ ಅದು ಸುಡುವುದಾದರೂ ಏನನ್ನು? ಕೆಲವು ವಾರ ಕೀಳಬಾರದು, ಬೇಕಾದರೆ ರೇಜರ್ ಆಡಿಸಬಹುದು, ಬರುವ ಮುಂಚೆ ಸ್ವಲ್ಪ ಬೆಳೆಯಲು ಬಿಟ್ಟು ಬರಬೇಕು.

ಹೊರಗೆ ಬಂದ ಕೂಡಲೇ ಅತ್ತೆ ಶುರು ಮಾಡಿದರು. "ನೋಡಿದ್ಯಾ, ಬೆಳೆಸ್ಕೊಂಡು ಬನ್ನಿ ಅಂತಾಳೆ. ಊರೆಲ್ಲ ನೋಡ್ಲಿ ಅಂತಾನಾ?"

"ರೇಜರ್ ಆಡಿಸಿ ಅಂದ್ರಲ್ಲ."

"ರೇಜರ್ ಮುಟ್ಟಿಸಿದ್ರೆ ದಪ್ಪಗೆ ಗಡ್ಡಾನೇ ಬರುತ್ತೆ."

"ಅದೆಲ್ಲ ಸುಳ್ಳು ಅತ್ತೆ."

"ನೀನು ರೇಜರ್ ಮಾರೋಳು, ಇನ್ನೇನು ಹೇಳ್ತೀಯ?"

ಕೀಳುವುದನ್ನೇನೋ ಬಿಟ್ಟರು, ರೇಜರನ್ನೂ ಮುಟ್ಟಲಿಲ್ಲ. ಅತ್ತೆ ಮಾಸ್ಕ್ ಹಾಕಿಕೊಂಡು ಓಡಾಡತೊಡಗಿದರು. ಮಗ ಕೇಳಿದರೆ ಧೂಳು ಆಗಿಬರುತ್ತಿಲ್ಲ ಎಂದರು. ಅಂಗಡಿಯಲ್ಲಿ ಬೇರೆಯದೇ ಪೀಕಲಾಟ. ಮಾಸ್ಕಿನೊಳಗಿನ ಉಸಿರು ಮೇಲಕ್ಕೆ ನುಗ್ಗಿ ಭೂತಗನ್ನಡಿಯ ಮೇಲೆ ಹಬೆ ಕೂರುತ್ತಿತ್ತು. ಮಾಸ್ಕ್ ಇಳಿಸಿದರೆ ಗಲ್ಲ ಕಾಣುತ್ತದೆ, ಏರಿಸಿದರೆ ವಾಚ್ ಕಾಣುವುದಿಲ್ಲ. ಅಂಗಡಿ ಮುಂದೆ ನೆರಳು ಬಿದ್ದರೆ ಸಾಕು, ಸರಕ್ಕನೆ ಏರಿಸುತ್ತಿದ್ದರು. ಚಪ್ಪಲಿ ಹೊಲಿಯುವವನು ಒಂದು ದಿನ, "ಏನಮ್ಮಾ, ಹುಷಾರಿಲ್ವಾ?" ಎಂದು ಕೇಳಿದನಂತೆ. "ಅವನಿಗೆ ಗೊತ್ತಾಗಿದೆ. ಇಲ್ಲದಿದ್ರೆ ಯಾಕೆ ವಿಚಾರಿಸ್ತಾನೆ?" ಎಂದು ನನ್ನ ಹತ್ತಿರ ಬಂದು ಗೋಳಾಡಿದರು. ಅವನ ಪಾಡಿಗೆ ಅವನು ಒಂದು ಒಳ್ಳೆ ಮಾತು ಕೇಳಿದ್ದ, ಪಾಪ.

ಎರಡನೇ ಸಲ ಹೋದಾಗ ಡಾಕ್ಟರಮ್ಮ ಮಾಸ್ಕ್ ತೆಗೆಸಿ ನೋಡಿದರು. ನಾನೂ ಸರಿಯಾಗಿ ನೋಡಿದ್ದು ಆಗಲೇ. ಗಲ್ಲದ ಕೂದಲು ಹೆಚ್ಚುಕಮ್ಮಿ ಎಲ್ಲವೂ ಬೆಳ್ಳಗಾಗಿದ್ದವು.

"ಲೇಸರ್ ಹಿಡಿಯೋದು ಕಪ್ಪು ಕೂದಲನ್ನ ಮಾತ್ರ," ಎಂದರು ಅವರು. "ಬಿಳಿ ಕೂದಲಿಗೆ ಅದರಿಂದ ಉಪಯೋಗ ಇಲ್ಲ. ಸುಮ್ನೆ ಮಾಡಿಸ್ಕೋಬೇಡಿ. ಶಾಶ್ವತವಾಗಿ ಬೇಕು ಅಂದ್ರೆ ಸೂಜಿಯಲ್ಲಿ ಕರೆಂಟ್ ಕೊಟ್ಟು ಒಂದೊಂದೇ ಬೇರು ಸುಡಬೇಕು. ತುಂಬ ಸಲ ಬರಬೇಕಾಗುತ್ತೆ. ಬೇಡ ಅಂದ್ರೆ ಕೀಳ್ತಾ ಇರಿ, ಅದರಲ್ಲೂ ತಪ್ಪಿಲ್ಲ. ನಿಮ್ಮಿಷ್ಟ."

ಅತ್ತೆ ನನ್ನ ಕಡೆ ವಾಲಿ, "ಬಂದ ಗಿರಾಕಿನ ವಾಪಸ್ ಕಳಿಸ್ತಾಳೆ ಅಂದ್ರೆ ಏನೋ ಇದೆ," ಎಂದು ಪಿಸುಗುಟ್ಟಿದರು. ಆಮೇಲೆ ಆ ಸೂಜಿ ನೋಡಬೇಕು ಎಂದರು. ಸೂಜಿ ಕೆಲಸ ಮಾಡುವ ಹೆಂಗಸು ಪಕ್ಕದ ಕೋಣೆಯಿಂದ ತಂದು ತೋರಿಸಿದಳು. ಅತ್ತೆ ಚೀಲದಿಂದ ತಮ್ಮ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡು ಸೂಜಿಯ ತುದಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ನಾನು ನಾಚಿಕೆಯಿಂದ ನೆಲ ನೋಡುತ್ತಿದ್ದೆ.

"ಎಲ್ಲಿ, ಕೈ ಚಾಚಮ್ಮ," ಎಂದರು ಅವಳಿಗೆ.

ಅವಳು ನಗುತ್ತಾ ಚಾಚಿದಳು. ಬೆರಳು ಒಂದಿಷ್ಟೂ ಅಲುಗಲಿಲ್ಲ. ಅತ್ತೆ ಆ ಕೈಯನ್ನೇ ನೋಡುತ್ತಾ ಕೂತುಬಿಟ್ಟರು. ಅವರ ಕೈಯೂ ಒಂದು ಕಾಲಕ್ಕೆ ಹಾಗೆಯೇ ಇತ್ತು.

ಮನೆಗೆ ಬರುವಾಗ ನಮ್ಮ ಬೀದಿ ತಿರುವಿನಲ್ಲಿ ಅತ್ತೆ ಹೇಳಿದರು. "ಅವಳ ಕೈ ಒಳ್ಳೇದು. ಆದರೆ ಬೇರು ಸುಟ್ಟಳೋ ಬಿಟ್ಟಳೋ ನನಗೆ ಹೇಗೆ ಗೊತ್ತಾಗಬೇಕು? ಅದು ಒಳಗೇ ಇರುತ್ತೆ. ಬಿಚ್ಚಿ ನೋಡೋಕಾಗುತ್ತಾ? ಕಿತ್ತರೆ ಬೇರು ಕಣ್ಣಿಗೆ ಕಾಣುತ್ತೆ."

"ಕೀಳೋರು ಯಾರು ಅತ್ತೆ?" ಎಂದೆ. ಅವರು ಮುಂದೆ ಹೋಗಿ ಬಾಗಿಲ ಬೀಗ ಜಗ್ಗಿ ನೋಡಿದರು.

ಮರುದಿನ ಬೆಳಿಗ್ಗೆ ಕುರ್ಚಿ ಎಳೆದ ಸದ್ದು ಕೇಳಿಸಿತು, ಚಿಲಕದ ಸದ್ದು ಕೇಳಿಸಲಿಲ್ಲ. ನನಗೆ ಅದರಿಂದಲೂ ಅನುಮಾನವೇ ಬಂತು, ಬಿದ್ದುಗಿದ್ದರೇನೋ ಎಂದು ಓಡಿದೆ. ಬಾಗಿಲು ತಳ್ಳಿದರೆ ತೆರೆದುಕೊಂಡಿತು. ಅತ್ತೆ ಕಿಟಕಿಯ ಬೆಳಕಿಗೆ ಮುಖ ಕೊಟ್ಟು ಕೂತಿದ್ದರು. ತೊಡೆಯ ಮೇಲೆ ಹಳೆಯ ಕನ್ನಡಕದ ಡಬ್ಬಿ.

"ಕೈ ಚಾಚು," ಎಂದರು.

ಚಾಚಿದೆ. ಹೆದರಿಕೆಗೆ ಸಣ್ಣಗೆ ನಡುಗುತ್ತಿತ್ತು.

"ನಿನ್ನದೂ ಅಷ್ಟಕ್ಕಷ್ಟೇ," ಎಂದು ಡಬ್ಬಿಯಿಂದ ಚಿಮಟ ತೆಗೆದುಕೊಟ್ಟರು, ಭೂತಗನ್ನಡಿಯನ್ನೂ ಕೊಟ್ಟರು. "ಕನ್ನಡಿಲಿ ನೋಡ್ತಾ ಇರ್ತೀನಿ. ಒಂದೊಂದನ್ನೂ ಬೇರು ತೋರಿಸ್ಬೇಕು."

ನಾನು ಭೂತಗನ್ನಡಿ ಸಿಕ್ಕಿಸಿಕೊಂಡು ಚಿಮಟವನ್ನು ಬೆಳಕಿಗೆ ಹಿಡಿದೆ. ಅತ್ತೆಯ ಅಂಗಡಿಯ ಚಿಮಟಗಳೆಲ್ಲ ಸೂಜಿಯಂತೆ ಚೂಪು. ಇದರ ಎರಡು ತುದಿಗಳೂ ದುಂಡಗಿದ್ದವು, ಒಳಗಿನ ಅಂಚು ಮಾತ್ರ ಚಪ್ಪಟೆಯಾಗಿ ಒಂದಕ್ಕೊಂದು ಕೂರುತ್ತಿತ್ತು.

"ಇದನ್ನ ನೀವೇ ಉಜ್ಜಿದ್ದಾ?"

"ನಾನ್ಯಾಕೆ ಉಜ್ಜಲಿ? ಅದು ಮೊದಲಿಂದಲೂ ಮೊಂಡು. ಮದುವೆಯಾದ ಹೊಸತು, ನನಗಿನ್ನೂ ಕೆಲಸ ಗೊತ್ತಿರಲಿಲ್ಲ. ಇವರು ಅಂಗಡಿಯಿಂದ ತಂದು ಕಿಟಕಿ ಮೇಲೆ ಇಟ್ಟರು, ತುದಿ ಹೋಗಿದೆ, ಕೆಲಸಕ್ಕೆ ಬರಲ್ಲ, ಎಸೆದುಬಿಡು ಅಂದ್ರು. ನಾನು ಎಸೆದೆ ಅಂತ ಹೇಳಿ ಇಟ್ಕೊಂಡೆ."

"ತುದಿ ಹೋದ ಚಿಮಟನ ನೀವೆಲ್ಲ ಎಸೆದುಬಿಡ್ತೀರಾ?"

"ಎಸೆಯೋದುಂಟಾ? ಸಾಣೆಕಲ್ಲಿನ ಮೇಲೆ ಉಜ್ಜಿ ಮತ್ತೆ ಚೂಪು..." ಎಂದು ಅತ್ತೆ ಅಲ್ಲೇ ನಿಲ್ಲಿಸಿದರು.

ನನ್ನ ಕೈಯಿಂದ ಚಿಮಟವನ್ನೂ ಕಣ್ಣಿಂದ ಭೂತಗನ್ನಡಿಯನ್ನೂ ಕಿತ್ತುಕೊಂಡರು. ಇಷ್ಟು ವರ್ಷ ದಿನಾ ಹಿಡಿದ ಚಿಮಟವನ್ನು ಅವರು ಭೂತಗನ್ನಡಿಯಲ್ಲಿ ನೋಡಿದ್ದು ಅದೇ ಮೊದಲಿರಬೇಕು. ಸವೆದ ತುದಿಯಾದರೆ ಒಂದು ಕಡೆ ಹೆಚ್ಚು, ಒಂದು ಕಡೆ ಕಮ್ಮಿ ಇರುತ್ತಿತ್ತು. ಇವೆರಡೂ ಅಳೆದಂತೆ ಸಮ, ಚರ್ಮಕ್ಕೆ ಚುಚ್ಚಬಾರದು ಎಂದು ಮಾವ ಕೂತು ಉಜ್ಜಿದ್ದು. ಚಿಮಟ ಅತ್ತೆಯ ಕೈಯಿಂದ ಜಾರಿ ಮಡಿಲಿಗೆ ಬಿತ್ತು.

"ಚಿಲಕ ಹಾಕಿರ್ತಿದ್ದೆನಲ್ಲ," ಎಂದರು. "ಇವರು ಯಾವಾಗ ನೋಡಿದ್ರು?"

ನಾನು ಚಿಮಟ ಎತ್ತಿಕೊಂಡು ಅವರ ಗಲ್ಲವನ್ನು ಬೆಳಕಿಗೆ ತಿರುಗಿಸಿದೆ. ಮೊದಲನೆಯದನ್ನು ಕಿತ್ತು ಬೇರು ತೋರಿಸಲು ಹೋದರೆ ಅವರು ಕಣ್ಣು ಮುಚ್ಚಿಕೊಂಡಿದ್ದರು. ರೆಪ್ಪೆಯ ಕೆಳಗಿಂದ ನೀರು ಇಳಿಯುತ್ತಿತ್ತು.

"ಬೇರು ನೋಡಿ ಅತ್ತೆ."

"ಬಿಡು," ಎಂದರು. ಎರಡನೆಯದನ್ನು ಕಿತ್ತಾಗ, ಕಣ್ಣು ಮುಚ್ಚಿಕೊಂಡೇ ಹೇಳಿದರು. "ಅವತ್ತು ಇವರು ನಗಲಿಲ್ಲ ಕಣೆ."