ಹುಬ್ಬಳ್ಳಿ ಕರೆಯಿತು, ಪೀಣ್ಯ ಬಿಡಲಿಲ್ಲ

ಬೆಂಗಳೂರಿಗೆ ಬಂದ ದಿನ ಯಾರೂ ನನ್ನ ಹೆಸರು ಕೇಳಲಿಲ್ಲ. ಎತ್ತರ ಕೇಳಿದರು. ಪೀಣ್ಯದ ಕಾರ್ಖಾನೆಯ ಗೇಟಿನ ಕಾವಲುಗಾರ, ಕ್ಯಾಂಟೀನಿನ ಹೆಂಗಸರು, ಲಗ್ಗೆರೆಯಲ್ಲಿ ನನಗೆ ಕೋಣೆ ಕೊಟ್ಟ ಗೌರಮ್ಮ ಆಂಟಿ, ಎಲ್ಲರೂ ತಲೆಯೆತ್ತಿ ಅದನ್ನೇ ಕೇಳಿದರು. ಇಳಕಲ್ಲಿನಲ್ಲಿ ನಾನು ಮಗ್ಗದ ಶಾಂತವ್ವನ ಸಣ್ಣ ಮಗಳು. ಇಲ್ಲಿ ಆರಡಿಯ ಹುಡುಗಿ.

ಕಾರ್ಖಾನೆಯ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಆಡಲು ನನ್ನನ್ನು ಕರೆಸಿದ್ದರು. ಬೆಳಗ್ಗೆ ಸ್ಟೋರಿನಲ್ಲಿ ಕೆಲಸ, ಸಂಜೆ ರಾಜಾಜಿನಗರದ ಮೈದಾನದಲ್ಲಿ ಅಭ್ಯಾಸ. ಇಲ್ಲಿಯದೂ ಕನ್ನಡವೇ, ಆದರೂ ತೊಡಕಾಯಿತು. ನಾನು ‘ಒಗಿ, ಒಗಿ’ ಎಂದು ಕೂಗಿದರೆ ಜೊತೆಯವಳು ಚೆಂಡು ಎಸೆಯದೆ ನಿಂತು ನಗುತ್ತಿದ್ದಳು. ಇಲ್ಲಿ ಒಗೆಯುವುದು ಬಟ್ಟೆಯನ್ನು ಮಾತ್ರ.

ಗೌರಮ್ಮ ಆಂಟಿಯದು ಲಗ್ಗೆರೆಯದೇ ಹಳೆಯ ಒಕ್ಕಲು ಮನೆತನ. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಬಾಡಿಗೆ ಕೋಣೆಗಳು. ರೊಟ್ಟಿಗಾಗಿ ಹಂಬಲಿಸುತ್ತಿದ್ದ ನನ್ನ ತಟ್ಟೆಗೆ ಅವರು ಮುದ್ದೆ ಇಟ್ಟು, “ಈ ಮೈಗೆ ಒಂದು ಎಲ್ಲಿ ಸಾಕಾಗುತ್ತಮ್ಮ? ಇನ್ನೊಂದು ಹಾಕಿಸ್ಕೊ” ಎನ್ನುತ್ತಿದ್ದರು. ಆದರೂ ಭಾನುವಾರ ಬಂದರೆ ಎದೆ ಭಾರವಾಗುತ್ತಿತ್ತು. ಮಗ್ಗದ ಸದ್ದಿಲ್ಲದ ಮನೆಯಲ್ಲಿ ನನಗೆ ನಿದ್ದೆಯೇ ಬರುತ್ತಿರಲಿಲ್ಲ.

ಮೂರನೆಯ ವರ್ಷ ನನ್ನ ಕರಾರು ಮುಗಿಯಿತು. ಆಗಲೇ ಹುಬ್ಬಳ್ಳಿಯ ಒಂದು ಕಚೇರಿಯ ತಂಡ ನನ್ನನ್ನು ಕರೆಯಿತು. ಕಾಯಂ ನೌಕರಿ ಕೊಡುತ್ತೇವೆ ಎಂದರು. ಫೋನಿನಲ್ಲಿ ಅವ್ವ ಅತ್ತೇಬಿಟ್ಟಳು. “ಹುಬ್ಬಳ್ಳಿ ಅಂದ್ರ ನಮ್ಮನಿ ಅಂಗಳ ಇದ್ದಂಗವಾ. ಬಂದ್ಬಿಡು.”

ಆದರೆ ಕರಾರಿನಲ್ಲಿ ಒಂದು ಷರತ್ತಿತ್ತು. ಅವಧಿ ಮುಗಿದ ಮೇಲೂ, ಬೇರೆ ತಂಡ ಏನು ಕೊಡುತ್ತದೋ ಅಷ್ಟನ್ನೇ ಕಾರ್ಖಾನೆಯೂ ಗೊತ್ತುಪಡಿಸಿದ ಗಡುವಿನೊಳಗೆ ಕೊಟ್ಟರೆ ನಾನು ಇಲ್ಲೇ ಉಳಿಯಬೇಕು. ಇದಕ್ಕೆ ಇಲ್ಲಿಯವರು ‘ಮ್ಯಾಚ್ ಮಾಡೋದು’ ಅನ್ನುತ್ತಾರೆ. ನಮ್ಮ ಕಡೆ ಮ್ಯಾಚ್ ಅಂದರೆ ಆಟ.

ಕಾರ್ಖಾನೆ ಕಾಯಂ ಮಾಡಲು ಒಪ್ಪಿತು. ಹುಬ್ಬಳ್ಳಿಯವರು ಅದರ ಮೇಲೆ ಮನೆ ಕೊಡುತ್ತೇವೆ ಎಂದರು. ಕಾರ್ಖಾನೆ ಸುಮ್ಮನಾಯಿತು. ನಾನು ಹೊರಡುವುದೇ ಖಾತ್ರಿ ಎಂದುಕೊಂಡು ಆಂಟಿಗೆ ಕೋಣೆ ಬಿಡುವ ವಿಷಯ ಹೇಳಿದೆ. ಅವರು ಆ ದಿನ ಯಾರಿಂದಲೋ ಕೇಳಿ ಕಲಿತು ಜೋಳದ ರೊಟ್ಟಿ ಬಡಿದರು. ಅಂಚು ಒಡೆದಿತ್ತು, ದಪ್ಪಗಿತ್ತು. ಎಲ್ಲವನ್ನೂ ತಿಂದೆ.

ಗಡುವು ಮುಗಿಯುವ ಹಿಂದಿನ ದಿನ ಕಾರ್ಖಾನೆ ಮನೆಯನ್ನೂ ಕೊಡಲು ಒಪ್ಪಿತು. ಅಲ್ಲಿಯವರೆಗೆ ಎರಡು ಊರಿನವರು ನನ್ನ ಬಗ್ಗೆ ಮಾತಾಡಿದ್ದರು. ನನ್ನನ್ನು ಕೇಳಿದವರಿಲ್ಲ. ಅಭ್ಯಾಸ ಮುಗಿದ ಮೇಲೆ ಕೋಚ್ ಸಾರ್ ಒಬ್ಬರೇ ಹತ್ತಿರ ಬಂದರು.

“ನಿಜ ಹೇಳಮ್ಮ, ನಿಂಗೆ ಹೋಗ್ಬೇಕಾ? ಹೂಂ ಅಂದ್ರೆ ಮ್ಯಾನೇಜರ್ ಹತ್ರ ಮಾತಾಡ್ತೀನಿ. ಬಿಟ್ಕೊಡ್ತಾರೆ, ನನ್ ಮಾತು ತೆಗೆದುಹಾಕಲ್ಲ.”

ತಿಂಗಳುಗಟ್ಟಲೆ ನಾನು ಮನಸ್ಸಿನಲ್ಲೇ ಬೇಡಿಕೊಂಡಿದ್ದು ಊರ ಕಡೆ ಹೋಗುವುದನ್ನೇ. ಆದರೆ ಆ ಆಟದ ಅಂಕಣ, ತಂಡದ ಹುಡುಗಿಯರು, ಒಡೆದ ಅಂಚಿನ ರೊಟ್ಟಿ ಎಲ್ಲ ಒಮ್ಮೆಲೇ ಕಣ್ಣಮುಂದೆ ಬಂದವು.

“ಇಲ್ಲೇ ಆಡ್ತೀನಿ ಸಾರ್” ಎಂದೆ.

ಷರತ್ತಿನಿಂದ ಕಟ್ಟಿಹಾಕಿದರು ಎಂದು ಅವ್ವನಿಗೆ ಹೇಳಬಹುದಿತ್ತು. ಅವಳು ನಂಬುತ್ತಿದ್ದಳು. ಹಾಗೆ ಹೇಳಲು ಮನಸ್ಸು ಬರಲಿಲ್ಲ. “ನಾನ ಉಳೀತೀನಿ ಅಂದೆ, ಅವ್ವಾ” ಎಂದೆ. ಅವಳು, “ಚಲೋ ಆತು, ನಿನ್ನ ಮನಸಿದ್ದಂಗ ಆಗಲಿ” ಎಂದು ಫೋನಿಟ್ಟಳು.

ಮುಂದಿನ ಚಳಿಗಾಲದಲ್ಲಿ ಹುಬ್ಬಳ್ಳಿಯಲ್ಲಿ ಪಂದ್ಯಾವಳಿ ನಡೆಯಿತು. ಎದುರಾಳಿ ನನ್ನನ್ನು ಕರೆದಿದ್ದ ಅದೇ ತಂಡ. ಅವ್ವ ಇಳಕಲ್ಲಿನಿಂದ ಬಂದು ಜನರ ನಡುವೆ ಕುಳಿತಿದ್ದಳು. ನಾನು ಎಸೆದ ಚೆಂಡು ಬುಟ್ಟಿಗೆ ಬಿದ್ದಾಗಲೆಲ್ಲ ಸುತ್ತಲಿನವರು “ಅಯ್ಯ, ಹೋತಲೇ!” ಎಂದು ಮರುಗಿದರು. ಅಷ್ಟು ವರ್ಷ ಕೇಳಲು ಹಪಹಪಿಸಿದ ನಮ್ಮ ಕಡೆಯ ಮಾತು, ಅದೇ ಎಳೆತ. ಅವ್ವ ಒಮ್ಮೆ ಎದ್ದು ಚಪ್ಪಾಳೆ ತಟ್ಟಿದಳು. ಅಕ್ಕಪಕ್ಕದವರು ತಿರುಗಿ ನೋಡಿದಾಗ ಸೆರಗು ಸರಿಪಡಿಸಿಕೊಂಡು ಕುಳಿತಳು.

ನಾವೇ ಗೆದ್ದೆವು. ಹೊರಗೆ ಬಂದು ಅವ್ವನ ಕಾಲು ಮುಟ್ಟಿದೆ. ಅವಳು ನನ್ನ ಬೆವರಿದ ಮುಖವನ್ನು ಸೆರಗಿನಿಂದ ಒರೆಸಿ, ಸಹಜವಾಗಿ ಕೇಳಿದಳು: “ನಿಮ್ಮೂರಿಗೆ ಯಾವಾಗ ಹೊಂಟಿ?”

ಯಾವ ಊರು ಎಂದು ನಾನು ಕೇಳಲಿಲ್ಲ. “ನಾಳೆ ಮುಂಜಾನೆ” ಎಂದೆ.