ಲಿಲ್ಲಿಗೆ ಬಿದ್ದ ಬಹುಮತ

ಕಪ್ಪು ಇಳಕಲ್ ಸೀರೆಗೆ ಅಂಟಿದ ಬೆಕ್ಕಿನ ಬಿಳಿ ಕೂದಲು, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಎದುರುಮನೆಯ ಅಕ್ಕೋರು ಕದ ತೆರೆದಾಗ ಮೊದಲು ಕಾಣುತ್ತಿದ್ದುದು ಈ ಎರಡು ಬಿಳುಪು. ಗದಗಿನ ಕಡೆ ಶಿಕ್ಷಕಿಯರನ್ನು ಅಕ್ಕೋರು ಎಂದೇ ಕರೆಯುತ್ತಾರೆ. ಅಲ್ಲಿನ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಅವರು ಕುಂದಲಹಳ್ಳಿಯ ನಮ್ಮ ಅಪಾರ್ಟ್‌ಮೆಂಟಿಗೆ ಬಂದವರು, ಪಾರ್ಕಿಂಗಿನಲ್ಲಿ ತಾಯಿ ಬಿಟ್ಟುಹೋದ ಎರಡು ಮರಿಗಳನ್ನು ಮನೆಗೊಯ್ದರು. ಒಂದು ಬಿಳಿ, ಒಂದು ಬೂದು. ಬೆಳಗಿನ ಲಿಂಗಪೂಜೆಯ ಹೊತ್ತಿಗೆ ಬಿಳಿಯದು ಅವರ ಮೊಣಕಾಲಿಗೆ ಒರಗಿ ಕಣ್ಣು ಮುಚ್ಚುತ್ತಿತ್ತು. "ನನಗಿಂತ ಇದರ ಧ್ಯಾನ ಗಟ್ಟಿ ಐತಿ ನೋಡ್ರಿ" ಎನ್ನುತ್ತಿದ್ದರು.

ಮಾಲೀಕರ ಸಂಘದವರು ನಮ್ಮ ಮಹಡಿಯ ಲಿಫ್ಟಿನ ಎದುರು ಲಿಲ್ಲಿ ಕುಂಡಗಳನ್ನಿರಿಸಿದ ದಿನವೇ ಅಕ್ಕೋರು ಆಕ್ಷೇಪವೆತ್ತಿದರು. ಆ ಗಿಡದ ಎಲೆ, ಹೂವು ಎಲ್ಲವೂ ಬೆಕ್ಕಿಗೆ ವಿಷ. ಮೈಗಂಟಿದ ಪರಾಗವನ್ನು ನೆಕ್ಕಿದರೂ ಮೂತ್ರಪಿಂಡ ಸೋಲುತ್ತದೆ ಎಂದು ಸಭೆಯಲ್ಲಿ ಬಿಡಿಸಿ ಹೇಳಿದರು.

ಕಾರ್ಯದರ್ಶಿ ನಕ್ಕರು. "ಮೇಡಂ, ದೇವರ ಫೋಟೋಗೇ ಇಡ್ತೀವಿ ಈ ಹೂವ. ವಿಷ ಆಗಿದ್ರೆ ಇಡ್ತಿದ್ವಾ?"

"ಶಿವಗ ಏರಸೋ ದತ್ತೂರಿ, ಎಕ್ಕಿ, ಕಣಗಲ ಎಲ್ಲಾ ವಿಷದ್ವ ಅದಾವ್ರಿ. ವಿಷ ಕುಡಿದಾಂವ ಅಂವ. ಬೆಕ್ಕು ಕುಡಿದಿಲ್ಲ."

ಅವರ ಪರವಾಗಿ ನಾನೂ ವಾದಿಸಿದೆ. ಕಾಲೇಜಿನ ಚರ್ಚಾಕೂಟಗಳಲ್ಲಿ ಕಲಿತ ಯಾವ ತರ್ಕವನ್ನೂ ಬಳಸದೆ ಬಿಡಲಿಲ್ಲ. ಆದರೆ ಸಭೆಯಲ್ಲಿದ್ದ ವಿದ್ಯಾವಂತರು ಕುಂಡಗಳ ಪರವಾಗಿ ಕೈಯೆತ್ತಿ ಮತ ಹಾಕಿದರು! ಒಂದು ಗಿಡ ವಿಷವೋ ಅಲ್ಲವೋ ಎಂಬುದನ್ನು ಬಹುಮತ ನಿರ್ಧರಿಸುವುದಾದರೆ ವಿಜ್ಞಾನ ಕಲಿಸುವ ಶಾಲೆಗಳೇಕೆ ಬೇಕು? ಕುಂಡಗಳು ಉಳಿದವು.

ಒಂದು ಬೆಳಿಗ್ಗೆ ಹಾಲಿನವನಿಗೆ ಕದ ತೆರೆದ ಗಳಿಗೆಯಲ್ಲಿ ಬಿಳಿಯದು ನುಸುಳಿಹೋಯಿತು. ಹಿಡಿದು ತಂದಾಗ ಮೀಸೆಯ ತುಂಬ ಕಂದು ಪರಾಗ. ಅಕ್ಕೋರು ತಕ್ಷಣ ಒರೆಸಿದರು, ತೊಳೆದರು. ಅಷ್ಟರಲ್ಲಿ ಅದು ನೆಕ್ಕಿಯಾಗಿತ್ತು. ಬುಟ್ಟಿಯಲ್ಲಿಟ್ಟುಕೊಂಡು ಇಬ್ಬರೂ ವೈಟ್‌ಫೀಲ್ಡಿನ ಪಶುವೈದ್ಯರ ಬಳಿಗೆ ಧಾವಿಸಿದೆವು. ಡ್ರಿಪ್ ಹಾಕಿದರೂ ಉಳಿಯಲಿಲ್ಲ.

ಲಿಫ್ಟಿನಲ್ಲಿ ಸಿಕ್ಕ ಕಾರ್ಯದರ್ಶಿ ಸಾಂತ್ವನ ಹೇಳಿದ್ದು ಹೀಗೆ: "ಒಂದ್ ಬೆಕ್ಕು ತಾನೇ ಮೇಡಂ, ಬೇರೆ ತಗೊಳ್ಳಿ." ಅಕ್ಕೋರು ಅವರ ಮುಖ ನೋಡಿ, "ನಿಮ್ಮ ಮನ್ಯಾಗ ಎಲ್ಲಾರೂ ಅರಾಮ ಅದಾರಲ್ರಿ?" ಎಂದಷ್ಟೇ ಕೇಳಿದರು. ಕಾರ್ಯದರ್ಶಿಗೆ ಅದು ಚುಚ್ಚಲೂ ಇಲ್ಲ.

ಆಮೇಲೆ ಯಾರೇ ಹೊಸಬರು ಬಾಡಿಗೆಗೆ ಬಂದರೂ ಅಕ್ಕೋರು ಅವರ ಕದ ತಟ್ಟುತ್ತಿದ್ದರು. "ಬೆಕ್ಕು ಐತೇನ್ರಿ? ಇದ್ರ ಲಿಲ್ಲಿ ಬ್ಯಾಡ." ಹುಚ್ಚಿ ಎಂದು ಆಡಿಕೊಂಡವರೂ ಇದ್ದರು.

ಕಳೆದ ವರ್ಷ ಅಕ್ಕೋರು ತೀರಿಕೊಂಡರು. ಲಿಂಗಾಯತ ಪದ್ಧತಿಯಂತೆ ವಿಭೂತಿ ಹಚ್ಚಿ ಕುಳ್ಳಿರಿಸಿದ್ದ ಅವರ ಮೊಣಕಾಲಿಗೆ ಒರಗಿ ಬೂದು ಬೆಕ್ಕು ಕುಳಿತಿತ್ತು. ಎಷ್ಟು ಓಡಿಸಿದರೂ ಮರಳಿ ಬರುತ್ತಿತ್ತು. ಆಗ ಸಂಘದವರು ಬಂದರು, ಗೌರವದಿಂದ ತಲೆಬಾಗಿಸಿ ಪಾದದ ಬಳಿ ಹೂಚಕ್ರವಿಟ್ಟರು. ಇಡೀ ಚಕ್ರವೇ ಬಿಳಿ ಲಿಲ್ಲಿ. ಇಷ್ಟಾದ ಮೇಲೂ.

ಬೆಕ್ಕು ಮೂಸಲು ಕತ್ತು ಚಾಚಿತು. ನಾನು ಚಕ್ರವನ್ನೆತ್ತಿಕೊಂಡು ಎಲ್ಲರ ಕಣ್ಣೆದುರೇ ಕೆಳಗಿಳಿದು ಕಸದ ಡಬ್ಬಿಗೆ ತುರುಕಿದೆ. ಕೈ ತೊಳೆದು, ಅಂಗಿ ಬದಲಿಸಿ, ಮರಳಿ ಬಂದು ಬೆಕ್ಕನ್ನು ನಮ್ಮ ಮನೆಗೆ ಕರೆತಂದೆ. ಅಂದು ಯಾರ ಮತವನ್ನೂ ಕೇಳಲಿಲ್ಲ.